ಸ್ವಸಹಾಯ ಸಂಘಗಳೂ ಗ್ರಾಮದ ಋಣಭಾರವೂ

ವ್ಯವಸಾಯಕ್ಕೆ ಭೂಮಿ, ಮಳೆ, ಗೊಬ್ಬರ, ಜಾನುವಾರು ಇವು ಎಷ್ಟು ಅವಶ್ಯಕವೋ, ಸಕಾಲದಲ್ಲಿ ಒದಗುವ ಹಣವೂ ಅಷ್ಟೇ ಅವಶ್ಯಕವೆಂಬುದು ಗ್ರಾಮದ ಯಜಮಾನರಿಗೂ ಭೂಮಾಲಿಕರಿಗೂ ತಿಳಿಯದ ಸಂಗತಿಯಲ್ಲ. ಬಿತ್ತನೆಯ ಹದವು ಕೆಲವೇ ದಿನಗಳ ಮಟ್ಟಿಗೆ ನಿಲ್ಲುವುದು. ಆ ದಿನಗಳಲ್ಲಿ ಬೀಜವನ್ನು ಕೈಯಲ್ಲಿಟ್ಟುಕೊಳ್ಳದವನು ವರ್ಷದ ಫಲವನ್ನೇ ಕಳೆದುಕೊಳ್ಳುವನು. ಸಣ್ಣ ಹಿಡುವಳಿಯ ರೈತನೂ ಕೂಲಿಯಿಂದ ಜೀವಿಸುವವನೂ ಇಂಥ ಸಮಯದಲ್ಲಿ ಸಾಲಕ್ಕೆ ಕೈಯೊಡ್ಡುವುದು ಅನಿವಾರ್ಯ. ಆ ಸಾಲವು ಯಾರಿಂದ, ಯಾವ ಬಡ್ಡಿಗೆ, ಯಾವ ಕಂತಿಗೆ ದೊರೆಯುವುದೆಂಬುದರ ಮೇಲೆ ಆ ಕುಟುಂಬದ ಏಳಿಗೆಯೂ ಅವನತಿಯೂ ನಿಂತಿರುವುವು.

ಈಗ ಬಹುಮಟ್ಟಿಗೆ ಪ್ರತಿಯೊಂದು ಗ್ರಾಮದಲ್ಲಿಯೂ ಹೆಂಗಸರ ಸಂಘಗಳು ಇರುವುವು. ಆದರೆ ‘ಸಂಘ’ ಎಂಬ ಒಂದೇ ಹೆಸರಿನಿಂದ ಪರಸ್ಪರ ಭಿನ್ನವಾದ ಎರಡು ವ್ಯವಸ್ಥೆಗಳು ನಡೆಯುತ್ತಿರುವುದನ್ನು ಅನೇಕರು ಗಮನಿಸಿಲ್ಲ. ಸದಸ್ಯರು ಮೊದಲು ತಮ್ಮ ಹಣವನ್ನು ಕೂಡಿಟ್ಟು, ಅದನ್ನು ತಮ್ಮಲ್ಲೇ ಸಾಲವಾಗಿ ಹಂಚಿಕೊಂಡು, ಬಳಿಕ ಬ್ಯಾಂಕಿನ ನೆರವನ್ನು ಪಡೆಯುವುದು ಒಂದು ಬಗೆ; ಇದೇ ಸ್ವಸಹಾಯ ಸಂಘ. ಹೊರಗಿನ ಕಂಪೆನಿಯವರು ಸಾಲ ಕೊಡುವುದಕ್ಕಾಗಿಯೇ ಐದಾರು ಅಥವಾ ಹತ್ತು ಮಂದಿ ಹೆಂಗಸರನ್ನು ಒಂದುಗೂಡಿಸಿ, ಒಬ್ಬರಿಗೊಬ್ಬರನ್ನು ಹೊಣೆಮಾಡುವುದು ಇನ್ನೊಂದು ಬಗೆ. ಇದು ಕೇವಲ ಸಾಲದ ಗುಂಪು. ಮೊದಲನೆಯದರಲ್ಲಿ ಬಡ್ಡಿಯು ಗ್ರಾಮದಲ್ಲಿಯೇ ಉಳಿಯುವುದು. ಎರಡನೆಯದರಲ್ಲಿ ಗ್ರಾಮವನ್ನು ಬಿಟ್ಟು ಹೋಗುವುದು. ಇವೆರಡರ ತಾರತಮ್ಯವನ್ನು ಗ್ರಾಮದ ಮುಖಂಡರು ಅರಿತಿರಬೇಕಾದುದು ಅತ್ಯಗತ್ಯ.

ಪೂರ್ವಾನುಭವ

ಪರಸ್ಪರ ಸಹಾಯದಿಂದ ಋಣಭಾರವನ್ನು ಇಳಿಸಿಕೊಳ್ಳುವ ಪ್ರಯತ್ನವು ನಮ್ಮ ನಾಡಿಗೆ ಹೊಸದಲ್ಲ. ೧೯೦೪ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಜಾರಿಗೆ ಬಂದ ಮರುವರ್ಷವೇ, ಅಂದರೆ ೧೯೦೫ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ವ್ಯವಸಾಯ ಸಹಕಾರ ಸಂಘವು ಸ್ಥಾಪಿತವಾಯಿತು. ಗ್ರಾಮದ ಗೌಡರೊಬ್ಬರು ಮನಸ್ಸುಮಾಡಿದರೆ ಎಂಥ ಕಾರ್ಯವಾಗಬಹುದೆಂಬುದಕ್ಕೆ ಇದು ಸಾಕ್ಷಿ. ಆದರೆ ಪತ್ತಿನ ಸಂಘಗಳ ಸಾಲವು ಬಹುತೇಕ ಪಹಣಿಯನ್ನು ನೋಡಿ ಸಿಗುತ್ತಿದ್ದುದರಿಂದ, ಭೂಮಿಯಿಲ್ಲದವರಿಗೂ, ಭೂಮಿಯು ತಮ್ಮ ಹೆಸರಿನಲ್ಲಿಲ್ಲದ ಹೆಂಗಸರಿಗೂ ಅದು ಎಟುಕಲಿಲ್ಲ.

ಈ ಕೊರತೆಯನ್ನು ತುಂಬುವ ಮಾರ್ಗವು ಕಂಡುಬಂದದ್ದೂ ಕರ್ನಾಟಕದಲ್ಲಿಯೇ. ೧೯೬೮ರಲ್ಲಿ ಟಿಬೆಟ್ಟಿನ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ ಎಂಬ ಸೇವಾಸಂಸ್ಥೆಯು ಬಳಿಕ ಗ್ರಾಮಗಳ ಬಡಜನರ ಸೇವೆಗೆ ತಿರುಗಿತು. ೧೯೮೪-೮೫ರ ಸುಮಾರಿಗೆ, ಅದು ಕೆಲಸಮಾಡುತ್ತಿದ್ದೆಡೆಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದವು. ಸದಸ್ಯರು ಚಿಕ್ಕಚಿಕ್ಕ ಗುಂಪುಗಳಾಗಿ ಬಂದು, ಸಾಲವನ್ನು ತೀರಿಸಲು ತಾವು ಸಿದ್ಧರೆಂದೂ, ತಮಗೆ ನಂಬಿಕೆಯಿಲ್ಲದ ದೊಡ್ಡ ಸಂಘಕ್ಕೆ ಮಾತ್ರ ಕಟ್ಟಲಾರೆವೆಂದೂ ಹೇಳಿದರು. ಆ ಹಣವನ್ನು ತಮ್ಮತಮ್ಮ ಗುಂಪುಗಳಿಗೇ ಕಟ್ಟಿ ಅಲ್ಲಿಯೇ ಸಾಲವಾಗಿ ತಿರುಗಿಸುವಂತೆ ಸಂಸ್ಥೆಯವರು ಪ್ರೋತ್ಸಾಹಿಸಿದರು. ನಂಬಿಕೆಯುಳ್ಳ ಹತ್ತಿಪ್ಪತ್ತು ಮಂದಿಯ ನಡುವೆ ಜಾಮೀನು ಬೇಕಾಗದೆಂಬ ತತ್ತ್ವವು ಹೀಗೆ ಅನುಭವದಿಂದಲೇ ಸಿದ್ಧವಾಯಿತು. ೧೯೮೭ರಲ್ಲಿ ನಬಾರ್ಡ್ ಬ್ಯಾಂಕು ಈ ಗುಂಪುಗಳ ತರಬೇತಿಗೂ ಅವುಗಳ ಉಳಿತಾಯಕ್ಕೆ ಸಮನಾದ ನೆರವಿಗೂ ೧೦ ಲಕ್ಷ ರೂಪಾಯಿಗಳನ್ನು ಮೈರಾಡಕ್ಕೆ ಒದಗಿಸಿತು. ೧೯೯೨ರಲ್ಲಿ ದೇಶದಲ್ಲಿ ೫೦೦ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯು ಆರಂಭವಾಯಿತು. ೧೯೯೬ರಲ್ಲಿ ರಿಸರ್ವ್ ಬ್ಯಾಂಕು ಇದನ್ನು ಬ್ಯಾಂಕುಗಳ ನಿತ್ಯವ್ಯವಹಾರದ ಒಂದು ಅಂಗವನ್ನಾಗಿ ಮಾಡಿತು. ಕರ್ನಾಟಕದಲ್ಲಿ ೨೦೦೦-೦೧ರಿಂದ ಸ್ತ್ರೀಶಕ್ತಿ ಯೋಜನೆಯೂ, ೨೦೧೧ರ ಬಳಿಕ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ಅಂಗವಾದ ಸಂಜೀವಿನಿಯೂ ಇದೇ ಮಾರ್ಗದಲ್ಲಿ ನಡೆದಿರುವುವು.

ಸಂಘದ ರಚನೆ ಮತ್ತು ನಡವಳಿಕೆ

ಒಂದು ಸಂಘದಲ್ಲಿ ಸಾಮಾನ್ಯವಾಗಿ ೧೦ರಿಂದ ೨೦ ಸದಸ್ಯರಿರತಕ್ಕದ್ದು. ಎಲ್ಲರೂ ಒಂದೇ ಕೇರಿಯವರಾಗಿ, ಹೆಚ್ಚುಕಡಿಮೆ ಸಮಾನ ಸ್ಥಿತಿಯವರಾಗಿದ್ದರೆ ಉತ್ತಮ. ಇಪ್ಪತ್ತು ಎಕರೆಯ ಮನೆಯವರೂ ಕೂಲಿಯ ಮನೆಯವರೂ ಒಂದೇ ಸಂಘದಲ್ಲಿ ಸೇರಿದರೆ ಮಾತೂ ಹಣವೂ ದೊಡ್ಡವರ ಕಡೆಗೇ ಸರಿಯುವುವು.

ಸಂಘಕ್ಕೆ ಐದು ನಿಯಮಗಳುಂಟು. ಇವನ್ನು ಪಂಚಸೂತ್ರಗಳೆಂದು ಕರೆಯುವರು. ತಪ್ಪದೆ ಸಭೆ ಸೇರುವುದು, ತಪ್ಪದೆ ಉಳಿತಾಯ ಮಾಡುವುದು, ಕೂಡಿದ ಹಣವನ್ನು ಸದಸ್ಯರಲ್ಲಿಯೇ ಸಾಲವಾಗಿ ಕೊಡುವುದು, ಸಾಲವನ್ನು ಕಾಲಕ್ಕೆ ಸರಿಯಾಗಿ ತೀರಿಸುವುದು, ಲೆಕ್ಕದ ಪುಸ್ತಕಗಳನ್ನು ಅಂದಂದಿಗೆ ಬರೆದಿಡುವುದು. ಇವುಗಳಲ್ಲಿ ಒಂದು ತಪ್ಪಿದರೂ ಉಳಿದ ನಾಲ್ಕು ಬಹುಕಾಲ ನಿಲ್ಲಲಾರವು.

ಹನಿಗೂಡಿದರೆ ಹಳ್ಳವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ೧೫ ಮಂದಿ ಸದಸ್ಯರು ವಾರಕ್ಕೆ ತಲಾ ೨೦ ರೂಪಾಯಿ ಕೂಡಿಟ್ಟರೆ ವಾರಕ್ಕೆ ೩೦೦ ರೂಪಾಯಿಯೂ, ೫೨ ವಾರಗಳಿಗೆ ೧೫,೬೦೦ ರೂಪಾಯಿಯೂ ಆಗುವುದು. ಇದರಲ್ಲಿ ವರ್ಷದುದ್ದಕ್ಕೂ ಸರಾಸರಿ ೭,೦೦೦ ರೂಪಾಯಿಯು ಸದಸ್ಯರಿಗೆ ತಿಂಗಳಿಗೆ ನೂರಕ್ಕೆ ೨ ರೂಪಾಯಿ ಬಡ್ಡಿಯಂತೆ ಸಾಲಹೋದರೆ ೧,೬೮೦ ರೂಪಾಯಿ ಬಡ್ಡಿ ಬರುವುದು. ಒಟ್ಟು ನಿಧಿಯು ೧೭,೨೮೦ ರೂಪಾಯಿಯಾಗುವುದು. ಬಡ್ಡಿಯ ದರವು ಹೆಚ್ಚೆಂದು ತೋರಬಹುದು. ಆದರೆ ಆ ಬಡ್ಡಿಯು ಕಟ್ಟಿದವರ ನಿಧಿಗೇ ಸೇರುವುದೆಂಬುದನ್ನು ಮರೆಯಲಾಗದು.

ಮೊದಲ ಸಾಲಗಳು ಔಷಧಿಗೆ, ಮಕ್ಕಳ ಪುಸ್ತಕಕ್ಕೆ, ಬೀಜಕ್ಕೆ, ಮನೆಯ ದವಸಕ್ಕೆ ಹೋಗುವುವು. ಇದನ್ನು ಕಂಡು ವ್ಯರ್ಥವೆನ್ನಬಾರದು. ಕಾಯಿಲೆಯ ದಿನ ಓಲೆಯನ್ನು ಅಡವಿಡದೆ ಪಾರಾದ ಕುಟುಂಬವು ಅಷ್ಟರಮಟ್ಟಿಗೆ ಉಳಿದುಕೊಂಡಂತೆಯೇ ಸರಿ. ಸಂಘವು ಆರು ತಿಂಗಳು ಕ್ರಮವಾಗಿ ನಡೆದ ಮೇಲೆ ಬ್ಯಾಂಕಿನಿಂದ ಸಾಲ ಪಡೆಯಲು ಅರ್ಹವಾಗುವುದು. ಉಳಿತಾಯಕ್ಕೆ ಸಮನಾದ ಮೊತ್ತದಿಂದ ಅದರ ನಾಲ್ಕರಷ್ಟು ಮೊತ್ತದವರೆಗೆ ಸಾಲ ಕೊಡುವುದು ಮೊದಲಿನಿಂದ ಬಂದ ಪದ್ಧತಿ. ೧೦ ಲಕ್ಷ ರೂಪಾಯಿಗಳವರೆಗಿನ ಸಾಲಕ್ಕೆ ಸಂಘದಿಂದ ಯಾವ ಆಸ್ತಿಯ ಆಧಾರವನ್ನೂ ಕೇಳಕೂಡದೆಂದು ರಿಸರ್ವ್ ಬ್ಯಾಂಕಿನ ನಿಯಮವುಂಟು. ಆದಕಾರಣ ಸಂಘಕ್ಕೆ ಅದರ ಲೆಕ್ಕದ ಪುಸ್ತಕವೇ ಪಹಣಿ ಇದ್ದಂತೆ.

ಬಡ್ಡಿಯ ಲೆಕ್ಕ

ಬಡ್ಡಿಯನ್ನು ಹೇಳುವ ಬಗೆಯಲ್ಲಿ ಜನರು ಮೋಸಹೋಗುವುದುಂಟು. ಒಬ್ಬಳು ೧೨,೦೦೦ ರೂಪಾಯಿಯನ್ನು ೧೨ ತಿಂಗಳ ಕಂತಿಗೆ ‘ನೂರಕ್ಕೆ ೧೨’ ಎಂಬ ದರದಲ್ಲಿ ಪಡೆದಳೆಂದು ಭಾವಿಸೋಣ. ಮೊದಲಿನ ಅಸಲಿನ ಮೇಲೆಯೇ ವರ್ಷಪೂರ್ತಿ ಬಡ್ಡಿ ಹಾಕಿದರೆ ೧,೪೪೦ ರೂಪಾಯಿಯಾಗುವುದು. ತಿಂಗಳಿಗೆ ಅಸಲು ೧,೦೦೦, ಬಡ್ಡಿ ೧೨೦. ಆದರೆ ತಿಂಗಳು ತಿಂಗಳೂ ಅಸಲು ತೀರುತ್ತ ಬರುವುದಷ್ಟೆ. ಮೊದಲ ತಿಂಗಳು ೧೨,೦೦೦, ಎರಡನೆಯ ತಿಂಗಳು ೧೧,೦೦೦, ಹೀಗೆ ಕಡೆಯ ತಿಂಗಳು ೧,೦೦೦ ರೂಪಾಯಿ ಮಾತ್ರ ಅವಳ ಕೈಯಲ್ಲಿರುವುದು. ಉಳಿದ ಅಸಲಿನ ಮೇಲೆ ಮಾತ್ರ ಅದೇ ದರದಲ್ಲಿ ಬಡ್ಡಿ ಹಾಕಿದರೆ ಒಟ್ಟು ೭೮೦ ರೂಪಾಯಿಯಾಗುವುದು. ವರ್ಷದಲ್ಲಿ ಅವಳ ಕೈಯಲ್ಲಿದ್ದ ಸರಾಸರಿ ಹಣವು ೬,೫೦೦ ರೂಪಾಯಿ. ಅದಕ್ಕೆ ೧,೪೪೦ ರೂಪಾಯಿ ಬಡ್ಡಿಯೆಂದರೆ ನಿಜವಾದ ದರವು ನೂರಕ್ಕೆ ಸುಮಾರು ೨೨. ಇದಕ್ಕೆ ಅರ್ಜಿಯ ಖರ್ಚು, ವಿಮೆಯ ಖರ್ಚುಗಳು ಸೇರಿದರೆ ಇನ್ನೂ ಏರುವುದು. ಆದುದರಿಂದ ದರವೆಷ್ಟೆಂದು ಮಾತ್ರ ಕೇಳಿದರೆ ಸಾಲದು. ಕೈಗೆ ಬರುವ ಹಣವೆಷ್ಟು, ಒಟ್ಟು ಕಟ್ಟಬೇಕಾದದ್ದೆಷ್ಟು ಎಂದೂ ಕೇಳತಕ್ಕದ್ದು.

ಕಂತು ಮತ್ತು ವರಮಾನ

ವ್ಯವಸಾಯದ ದೃಷ್ಟಿಯಿಂದ ಇದು ಎಲ್ಲಕ್ಕಿಂತ ಮುಖ್ಯವಾದ ವಿಷಯ. ರಾಗಿಯನ್ನೋ ನೆಲಗಡಲೆಯನ್ನೋ ಮಳೆಯಾಶ್ರಯದಲ್ಲಿ ಬೆಳೆಯುವವನಿಗೆ ಹಣವು ಸುಗ್ಗಿಯಲ್ಲಿ ಒಮ್ಮೆ ಮಾತ್ರ ಬರುವುದು. ಅವನ ಮನೆಯವಳು ಬಿತ್ತನೆಗಾಗಿ ವಾರದ ಕಂತಿನ ಸಾಲವನ್ನು ತಂದರೆ, ಪೈರು ಮೊಳೆಯುವ ಮೊದಲೇ ಕಂತು ಬಾಗಿಲಿಗೆ ಬರುವುದು. ಅದನ್ನು ಕಟ್ಟಲು ಎರಡನೆಯ ಕಂಪೆನಿಯಿಂದ ಸಾಲ, ಎರಡನೆಯದನ್ನು ಕಟ್ಟಲು ಮೂರನೆಯದರಿಂದ ಸಾಲ. ಹೀಗೆ ಬೆಳೆಯು ಚೆನ್ನಾಗಿ ಬಂದರೂ ಕುಟುಂಬವು ಮುಳುಗುವುದು. ಹಾಲು ಕರೆಯುವ ಹಸುವಿಗೆ, ಸೊಪ್ಪು ತರಕಾರಿಗೆ, ಕೋಳಿಗೆ ಮಾಡಿದ ಸಾಲವಾದರೆ ವಾರದ ಅಥವಾ ತಿಂಗಳ ಕಂತನ್ನು ತಾಳಬಲ್ಲುದು. ಒಣಬೇಸಾಯದ ಸಾಲವು ಸುಗ್ಗಿಯ ಕಂತನ್ನೇ ಬೇಡುವುದು. ಸ್ವಸಹಾಯ ಸಂಘದಲ್ಲಿ ಸದಸ್ಯರೇ ಕೂಡಿ ಕಂತನ್ನು ಬೆಳೆಗೆ ತಕ್ಕಂತೆ ಗೊತ್ತುಮಾಡಬಹುದು. ಹೊರಗಿನ ಕಂಪೆನಿಯ ಕಂತು ಮಳೆಯನ್ನು ನೋಡುವುದಿಲ್ಲ.

ಸಾಲದ ಗುಂಪುಗಳಿಂದ ಒದಗಿದ ವಿಪತ್ತು

ನೆರೆಯ ಆಂಧ್ರಪ್ರದೇಶದಲ್ಲಿ ಒಂದೇ ಕುಟುಂಬಕ್ಕೆ ಹಲವು ಕಂಪೆನಿಗಳು ಸಾಲ ಕೊಟ್ಟು, ವಸೂಲಿಯ ಬಲಾತ್ಕಾರದಿಂದ ಆತ್ಮಹತ್ಯೆಗಳಾದವೆಂಬ ವರದಿಗಳು ಬಂದುವು. ೨೦೧೦ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ೨೦೨೨ರಲ್ಲಿ ರಿಸರ್ವ್ ಬ್ಯಾಂಕು ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳನ್ನು ಮಾಡಿತು. ವರ್ಷಕ್ಕೆ ೩ ಲಕ್ಷ ರೂಪಾಯಿವರೆಗೆ ವರಮಾನವಿರುವ ಕುಟುಂಬಕ್ಕೆ ಆಧಾರವಿಲ್ಲದೆ ಕೊಡುವ ಸಾಲವೇ ಕಿರುಸಾಲವೆಂದೂ, ಒಂದು ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಅದರ ತಿಂಗಳ ವರಮಾನದ ಅರ್ಧವನ್ನು ಮೀರಬಾರದೆಂದೂ, ಅವಧಿಗೆ ಮುಂಚೆ ಸಾಲ ತೀರಿಸಿದವರಿಗೆ ದಂಡ ಹಾಕಬಾರದೆಂದೂ ಅವುಗಳಲ್ಲಿ ಹೇಳಿದೆ.

ಹೀಗಿದ್ದರೂ ೨೦೨೫ರ ಆರಂಭದಲ್ಲಿ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಕುಟುಂಬಗಳು ವಸೂಲಿಗಾರರಿಗೆ ಅಂಜಿ, ಮನೆಗೆ ಬೀಗ ಹಾಕಿ ಊರು ಬಿಟ್ಟ ಸಂಗತಿಗಳು ವರದಿಯಾದುವು. ಅದೇ ವರ್ಷದ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಕಿರುಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ತಪ್ಪಿತಸ್ಥರಿಗೆ ೧೦ ವರ್ಷಗಳವರೆಗೆ ಸೆರೆವಾಸವೂ ೫ ಲಕ್ಷ ರೂಪಾಯಿಗಳವರೆಗೆ ದಂಡವೂ ಅದರಲ್ಲಿ ವಿಧಿಸಲ್ಪಟ್ಟಿತು. ಊರು ಬಿಟ್ಟ ಕುಟುಂಬದೊಡನೆ ಕೆಲಸದ ಕೈಗಳೂ, ಶಾಲೆಯ ಮಕ್ಕಳೂ ಹೋಗುವುದರಿಂದ, ಈ ನಷ್ಟವು ಆ ಮನೆಯದು ಮಾತ್ರವಲ್ಲ, ಗ್ರಾಮದ್ದು.

ಸಾಲದಿಂದ ಎಷ್ಟನ್ನು ನಿರೀಕ್ಷಿಸಬಹುದು

ಕಿರುಸಾಲ ಬಂದೊಡನೆ ಬಡತನ ನೀಗುವುದೆಂಬ ಭಾವನೆಯೂ ಸರಿಯಲ್ಲ. ಹೈದರಾಬಾದು ನಗರದ ೧೦೪ ಬಡ ವಸತಿಗಳಲ್ಲಿ, ಅರ್ಧದಷ್ಟಕ್ಕೆ ಮಾತ್ರ ಮೊದಲು ಕಿರುಸಾಲವನ್ನು ಒದಗಿಸಿ, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮೊದಲಾದ ಅರ್ಥಶಾಸ್ತ್ರಜ್ಞರು ಎರಡು ಬಗೆಯ ವಸತಿಗಳನ್ನೂ ಹೋಲಿಸಿ ನೋಡಿದರು. ೨೦೧೫ರಲ್ಲಿ ಪ್ರಕಟವಾದ ಅವರ ವರದಿಯಂತೆ, ಮೊದಲೇ ಉದ್ಯೋಗವುಳ್ಳವರು ಅದನ್ನು ಸ್ವಲ್ಪ ವಿಸ್ತರಿಸಿಕೊಂಡರು. ಆದರೆ ಕುಟುಂಬಗಳ ಒಟ್ಟು ಜೀವನವೆಚ್ಚವಾಗಲಿ, ಮಕ್ಕಳ ವಿದ್ಯಾಭ್ಯಾಸವಾಗಲಿ ಸಾಲದಿಂದ ಹೆಚ್ಚಿದುದು ಕಂಡುಬರಲಿಲ್ಲ. ಸಾಲವು ನೀರಿನಂತೆ: ಹದವಾದ ನೆಲಕ್ಕೆ ಹರಿದರೆ ಬೆಳೆ, ಬಂಡೆಯ ಮೇಲೆ ಹರಿದರೆ ವ್ಯರ್ಥ. ಮೇವು, ಪಶುವೈದ್ಯ, ಮಾರುಕಟ್ಟೆ, ಕಸುಬಿನ ತಿಳಿವಳಿಕೆ ಇವುಗಳಿದ್ದೆಡೆಯಲ್ಲಿಯೇ ಅದು ಫಲಕೊಡುವುದು.

ಗ್ರಾಮದ ಮುಖಂಡರ ಕರ್ತವ್ಯ

ಮೊದಲನೆಯದಾಗಿ, ಸಂಘದ ವಾರದ ಸಭೆಗೆ ನೆರಳೂ ದೀಪವೂ ಇರುವ ಸ್ಥಳವನ್ನು ಒದಗಿಸಿಕೊಡತಕ್ಕದ್ದು. ಆದರೆ ಸಭೆಯಲ್ಲಿ ಕುಳಿತು ಯಜಮಾನಿಕೆ ನಡೆಸತಕ್ಕದ್ದಲ್ಲ.

ಎರಡನೆಯದಾಗಿ, ಓದುಬರಹವಿಲ್ಲದ ಸಂಘಕ್ಕೆ ಲೆಕ್ಕ ಬರೆಯುವ ನಂಬಿಗಸ್ತರನ್ನು ಗೊತ್ತುಮಾಡಿ, ಬರೆದದ್ದನ್ನು ಪ್ರತಿ ಸಭೆಯಲ್ಲೂ ಗಟ್ಟಿಯಾಗಿ ಓದಿ ಹೇಳುವಂತೆ ಏರ್ಪಡಿಸುವುದು ಲೇಸು.

ಮೂರನೆಯದಾಗಿ, ಕೆಲಸದವಳ ಹೆಸರಿನಲ್ಲಿ ಸಂಘದ ಸಾಲವನ್ನು ತೆಗೆಸಿ ಅನುಕೂಲಸ್ಥರು ತಾವು ಬಳಸಿಕೊಳ್ಳುವ ಕೆಟ್ಟ ರೂಢಿಯನ್ನು ಸರ್ವಥಾ ನಿಲ್ಲಿಸತಕ್ಕದ್ದು. ಒಬ್ಬರ ಕಂತು ನಿಂತರೆ ಇಡೀ ಸಂಘವು ಬ್ಯಾಂಕಿನ ವಿಶ್ವಾಸವನ್ನು ಕಳೆದುಕೊಳ್ಳುವುದು.

ನಾಲ್ಕನೆಯದಾಗಿ, ಭೂಮಾಲಿಕರು ಕೂಲಿಯನ್ನು ಬಾಕಿಯುಳಿಸದೆ, ಸಂಘದ ಸಭೆಗೆ ಮುಂಚಿನ ದಿನವೇ ಕೊಟ್ಟರೆ ಉಳಿತಾಯವು ತಾನಾಗಿ ನಡೆಯುವುದು. ಆಳು ಮುಂಗಡದ ಹಂಗಿನಿಂದ ಬಿಡುಗಡೆಯಾದರೆ ಕೈತಪ್ಪುವನೆಂಬ ಅಂಜಿಕೆ ಕೆಲವರಿಗುಂಟು. ಊರಲ್ಲಿಯೇ ನೆಮ್ಮದಿಯಿಂದ ಬಾಳುವ ಆಳು ಸಿಗುವನು. ಸಾಲಕ್ಕೆ ಅಂಜಿ ಓಡಿಹೋದ ಆಳು ಸಿಗನು.

ಐದನೆಯದಾಗಿ, ಸಾಲ ಕೊಡುವೆವೆಂದು ಬರುವವರ ನೋಂದಣಿ, ದರ, ಒಟ್ಟು ಮರುಪಾವತಿ ಇವುಗಳನ್ನು ಕನ್ನಡದಲ್ಲಿ ಬರೆದ ಪತ್ರವನ್ನು ಕೇಳಿ ಪಡೆಯುವಂತೆ ಹೆಂಗಸರಿಗೆ ತಿಳಿಸತಕ್ಕದ್ದು. ವಸೂಲಿಯಲ್ಲಿ ಬೆದರಿಕೆ ಕಂಡುಬಂದರೆ ಪೊಲೀಸು ಠಾಣೆಗೂ ಜಿಲ್ಲಾಧಿಕಾರಿಗಳ ಕಚೇರಿಗೂ ತಡಮಾಡದೆ ದೂರುಕೊಡಿಸುವುದು ಮುಖಂಡರ ಹೊಣೆ.

ಉಳಿತಾಯ ಮೊದಲು, ಸಾಲ ಆಮೇಲೆ. ವರಮಾನದ ಕಾಲವನ್ನು ನೋಡಿ ಕಂತು. ಈ ಮಾತನ್ನು ಮರೆಯದ ಸಂಘವು ನಿಧಾನವಾಗಿಯಾದರೂ ತನ್ನ ಸದಸ್ಯರನ್ನು ಮೇಲೆತ್ತುವುದು. ಬಿತ್ತನೆಯ ಕಾಲವು ಸಮೀಪಿಸುವ ಮುನ್ನ, ತಮ್ಮ ಗ್ರಾಮದಲ್ಲಿರುವ ಸಂಘಗಳಲ್ಲಿ ಯಾವುದು ಯಾವ ಬಗೆಯದೆಂದು ಮುಖಂಡರು ಒಮ್ಮೆ ವಿಚಾರಿಸಿ ನೋಡಿದರೆ, ಅನೇಕ ಮನೆಗಳ ಬಾಗಿಲಿಗೆ ಬೀಗ ಬೀಳುವುದು ತಪ್ಪೀತು.