ಸ್ಮಾರಕ ಪದಕಗಳ ಮಾರಾಟ: ನಿರೀಕ್ಷೆ ಮತ್ತು ಬೆಲೆ

ಹಳೆಯ ಅಂಗಡಿಯೊಂದರ ಯಜಮಾನರು ಕಾಲವಾದ ಮೇಲೆ ತಿಜೋರಿ ತೆರೆದ ಮಕ್ಕಳಿಗೆ, ಯಾವ ಲೆಕ್ಕಪುಸ್ತಕದಲ್ಲಿಯೂ ನಮೂದಾಗದ ಪೆಟ್ಟಿಗೆಯೊಂದು ಸಿಗುವುದುಂಟು. ಮಖಮಲ್ಲಿನ ಗುಳಿಗಳಲ್ಲಿ ಸಾಲಾಗಿ ಕೂರಿಸಿದ ಸ್ಮಾರಕ ಪದಕಗಳು, ಗಿರಣಿ ಕ್ಯಾಂಟೀನಿನ ಹಿತ್ತಾಳೆ ಟೋಕನ್‌ಗಳು, ಜೊತೆಗೆ ನಾಲ್ಕಾರು ರಾಮಟಂಕೆಗಳು. ಲಕ್ಷಗಟ್ಟಲೆ ಬಾಳುತ್ತವೆಂಬ ನಂಬಿಕೆಯಿಂದ ಹಿರಿಯ ಮಗ ಪೆಟ್ಟಿಗೆಯನ್ನು ತನ್ನ ಪಾಲಿಗೆ ಬರೆಸಿಕೊಂಡು, ಗೋದಾಮಿನ ಮೇಲಿನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಡಲು ಸಿದ್ಧನಾಗುತ್ತಾನೆ. ಬೆಲೆ ಕಟ್ಟಿಸದೆ ಪಾಲುಪತ್ರಕ್ಕೆ ಸಹಿ ಹಾಕಿದರೆ ಆತ ಕಳೆದುಕೊಳ್ಳುವುದು ಗೋದಾಮನ್ನೇ.

ಇಂಥ ಸರಕಿಗೆ ಬೇಡಿಕೆ ಏಕಿಲ್ಲವೆಂಬುದನ್ನು ಅಮೆರಿಕದ ಫ್ರ್ಯಾಂಕ್ಲಿನ್ ಮಿಂಟ್‌ನ ಇತಿಹಾಸ ಚೆನ್ನಾಗಿ ತಿಳಿಸುತ್ತದೆ. ಜೋಸೆಫ್ ಸೀಗಲ್ 1964ರಲ್ಲಿ ಸ್ಥಾಪಿಸಿದ ಈ ಖಾಸಗಿ ಟಂಕಸಾಲೆಯು 1970ರ ದಶಕದಲ್ಲಿ ಬೆಳ್ಳಿಯ ಪದಕಮಾಲಿಕೆಗಳನ್ನು ಚಂದಾದಾರರಿಗೆ ಕಂತಿನ ಮೇಲೆ ಮಾರಿತು. ಬೆಲೆ ಲೋಹದ ಮೌಲ್ಯಕ್ಕಿಂತ ಬಹಳ ಹೆಚ್ಚು. 'ಸೀಮಿತ ಮುದ್ರಣ' ಎಂಬ ಘೋಷಣೆಯಿದ್ದರೂ ಅನೇಕ ಮಾಲಿಕೆಗಳಲ್ಲಿ ಆ ಸೀಮೆಯೆಂದರೆ ನಿಗದಿತ ದಿನದೊಳಗೆ ಹಣ ಕಳುಹಿಸಿದವರ ಸಂಖ್ಯೆ ಮಾತ್ರ! ಬೇಕೆಂದವರೆಲ್ಲ ಮೊದಲೇ ಕೊಂಡಿದ್ದರಿಂದ ಎರಡನೆಯ ಗಿರಾಕಿಯೇ ಉಳಿಯಲಿಲ್ಲ. 1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರಿನ ಸಮೀಪಕ್ಕೆ ಏರಿದಾಗ ಈ ಪದಕಗಳು ರಾಶಿರಾಶಿಯಾಗಿ ಕುಲುಮೆ ಸೇರಿದವು.

ಆದುದರಿಂದ ಮೊದಲ ಲೆಕ್ಕ ತಕ್ಕಡಿಯದು. '925' ಮುದ್ರೆಯ 40 ಗ್ರಾಂ ಪದಕದಲ್ಲಿ ಇರುವ ಶುದ್ಧ ಬೆಳ್ಳಿ 37 ಗ್ರಾಂ. ಚಿನಿವಾರರು ಕರಗಿಸುವ ನಷ್ಟವನ್ನೂ ತಮ್ಮ ಲಾಭವನ್ನೂ ಮುರಿದುಕೊಂಡು ಉಳಿದುದಕ್ಕೆ ಹಣ ಕೊಡುತ್ತಾರೆ. ಮೇಲೆ ಬೆಳ್ಳಿಯ ಮುಲಾಮು, ಒಳಗೆ ತಾಮ್ರ ಎಂದಾದರೆ ಅದು ಗುಜರಿಯ ಲೆಕ್ಕ. ಆದರೆ ಸರ್ಕಾರ ಹೊರಡಿಸಿದ ಸ್ಮಾರಕ ನಾಣ್ಯಗಳನ್ನು ಈ ರಾಶಿಯಿಂದ ಬೇರ್ಪಡಿಸತಕ್ಕದ್ದು. 1964ರಲ್ಲಿ ನೆಹರೂ ಅವರ ಸ್ಮರಣಾರ್ಥವಾಗಿ ಆರಂಭವಾದ ಈ ಶ್ರೇಣಿ ಕಾನೂನಿನ ದೃಷ್ಟಿಯಲ್ಲಿ ನಾಣ್ಯವೇ ಆಗಿದ್ದು, 2011ರ ನಾಣ್ಯ ಕಾಯಿದೆಯ ಪ್ರಕಾರ ಅದನ್ನು ಕರಗಿಸುವುದು ಅಪರಾಧ.

ಟೋಕನ್‌ಗಳ ಸಂಗತಿ ಬೇರೆ. ಲೋಹಕ್ಕೆ ಬೆಲೆಯಿಲ್ಲದಿದ್ದರೂ ಕಾಫಿ ತೋಟದ ಅಥವಾ ಮುಚ್ಚಿದ ಗಿರಣಿಯ ಹೆಸರಿರುವ ಬಿಲ್ಲೆಯನ್ನು ಆ ಊರಿನ ಸಂಗ್ರಾಹಕರು ಅಕ್ಕರೆಯಿಂದ ಕೊಳ್ಳುತ್ತಾರೆ. ಆದಾಗ್ಯೂ ಅಂಥವರು ಕೆಲವೇ ಮಂದಿ; ಒಂದೇ ಬಗೆಯ ಇಪ್ಪತ್ತನ್ನು ಒಮ್ಮೆಲೇ ಮುಂದಿಟ್ಟರೆ ಬೆಲೆ ಅಂದೇ ಕುಸಿಯುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಕೊಟ್ಟರಂತೂ ಅವರು ಮುಟ್ಟುವುದೂ ಇಲ್ಲ. ಹರಾಜು ಸಂಸ್ಥೆಗೆ ಒಪ್ಪಿಸುವವರು ದಲ್ಲಾಳಿಯ ದರವನ್ನಲ್ಲದೆ, ಮಾರಾಟವಾಗದೆ ಹಿಂದಿರುಗಿದ ಸರಕಿಗೂ ಶುಲ್ಕವಿದೆಯೇ ಎಂಬುದನ್ನು ಬರಹದಲ್ಲಿ ಪಡೆಯುವುದು ಒಳಿತು.

'ಈಸ್ಟ್ ಇಂಡಿಯಾ ಕಂಪೆನಿ 1818' ಎಂಬ ಅಕ್ಷರಗಳೊಡನೆ ರಾಮ, ಹನುಮಂತರ ಚಿತ್ರವಿರುವ ಬಿಲ್ಲೆಗಳ ಬಗ್ಗೆ ಬಹುಜನರಿಗೆ ಭ್ರಮೆಯಿದೆ. ಕಂಪೆನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಅವಕ್ಕೆ ಕೋಟಿ ಬೆಲೆ ಹೇಳಿ ಮುಂಗಡ 'ತೆರಿಗೆ' ಕೇಳುವವರು ವಂಚಕರು. ತನ್ನ ಹೆಸರನ್ನು ಬಳಸಿ ಹಳೆಯ ನಾಣ್ಯ, ನೋಟುಗಳ ವ್ಯವಹಾರಕ್ಕೆ ಶುಲ್ಕ ಕೀಳುವವರ ವಿರುದ್ಧ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಕೆ ನೀಡಿದೆ. ನಿಜವಾಗಿಯೂ ನೂರು ವರ್ಷ ದಾಟಿದ ನಾಣ್ಯವಾದರೆ 1972ರ ಪ್ರಾಚೀನ ವಸ್ತುಗಳ ಕಾಯಿದೆಗೆ ಒಳಪಡುತ್ತದೆ. ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ.

ಇನ್ನು ಆದಾಯ ತೆರಿಗೆ. ಮನೆಯ ಸ್ವಂತ ಬಳಕೆಯ ವಸ್ತು, ತೆರಿಗೆಯಿಲ್ಲ ಎಂಬ ವಾದ ಬೆಳ್ಳಿಯ ಮಟ್ಟಿಗೆ ನಿಲ್ಲುವುದು ಕಷ್ಟ. ಮಹಾರಾಜ ರಾಣಾ ಹೇಮಂತಸಿಂಹಜಿ ಪ್ರಕರಣದಲ್ಲಿ, ಪೂಜೆಗೆ ಇಡುತ್ತಿದ್ದ ಸವರನ್ನುಗಳನ್ನೂ ಬೆಳ್ಳಿ ನಾಣ್ಯಗಳನ್ನೂ ಸಹ ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ ಸ್ವಂತ ಬಳಕೆಯವೆಂದು ಒಪ್ಪಲಿಲ್ಲ. 2024ರ ಜುಲೈ 23ರಿಂದೀಚೆಗೆ, 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ ಇಂಥ ಸ್ವತ್ತಿನ ಲಾಭಕ್ಕೆ ಶೇ. 12.5ರ ದರ ಅನ್ವಯಿಸುತ್ತದೆ. ಪಿತ್ರಾರ್ಜಿತವಾದರೆ ತಂದೆ ಇಟ್ಟುಕೊಂಡಿದ್ದ ಅವಧಿಯೂ ಅವರು ಕೊಟ್ಟ ಬೆಲೆಯೂ ಲೆಕ್ಕಕ್ಕೆ ಬರುತ್ತವೆ. 2001ರ ಏಪ್ರಿಲ್ 1ಕ್ಕೆ ಮೊದಲು ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಆಯ್ದುಕೊಳ್ಳಬಹುದು. ದುಬಾರಿ ಬೆಲೆಗೆ ಕೊಂಡ ಮಾಲಿಕೆಯಲ್ಲಿ ನಷ್ಟವೇ ಕಂಡುಬಂದಲ್ಲಿ ಅದನ್ನು ಇತರ ದೀರ್ಘಾವಧಿ ಬಂಡವಾಳ ಲಾಭದಿಂದ ಕಳೆಯಲು ಎಂಟು ವರ್ಷಗಳ ಅವಕಾಶವಿದೆ. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಹಳೆಯ ರಸೀದಿ ಆಗ ಬೇಕಾಗುತ್ತದೆ.