ಗೂಟ ತಪ್ಪಿದರೂ ಗಡಿ ತಪ್ಪಲ್ಲ

ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿ ಪೇಟೆಯಿಂದ ವಿಮಾನ ನಿಲ್ದಾಣಕ್ಕೆ ಹೊರಟರೆ ನಡುವೆ ಸ್ವಲ್ಪ ದೂರ ಅಯೋವ ರಾಜ್ಯ ಅಡ್ಡ ಬರುತ್ತದೆ. ಅಯೋವ ಇರುವುದು ಮಿಸೌರಿ ನದಿಯ ಆಚೆ ದಡದಲ್ಲಿ. ಈಚೆಗೆ ಸಿಕ್ಕಿಕೊಂಡಿರುವ ಈ ತುಂಡು ನೆಲದ ಹೆಸರು ಕಾರ್ಟರ್ ಲೇಕ್. 1877ರಲ್ಲಿ ನದಿ ಒಂದು ದೊಡ್ಡ ಬಳಸನ್ನು ಕೈಬಿಟ್ಟು ನೆಟ್ಟಗೆ ಹೊಸ ಪಾತ್ರ ಕೊರೆದುಕೊಂಡಿತು. ಹಳೆಯ ತಿರುವು ಕೆರೆಯಾಗಿ ನಿಂತಿತು, ಅದರ ಮಡಿಲಲ್ಲಿದ್ದ ಜಮೀನು ನೆಬ್ರಾಸ್ಕದ ದಡಕ್ಕೆ ಅಂಟಿಕೊಂಡಿತು. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1892ರ ತೀರ್ಪಿನ ಸಾರ ಇಷ್ಟು: ನದಿ ದಡವನ್ನು ಸ್ವಲ್ಪಸ್ವಲ್ಪವೇ ಕೊರೆಯುತ್ತ ಸರಿದರೆ ಗಡಿಯೂ ಅದರ ಜೊತೆ ಸರಿಯುತ್ತದೆ, ಹಠಾತ್ತನೆ ಹಾದಿ ಬದಲಿಸಿದರೆ ಗಡಿ ಹಳೆಯ ಪಾತ್ರದಲ್ಲೇ ಉಳಿಯುತ್ತದೆ. ಹಾಗಾಗಿ ಕಾರ್ಟರ್ ಲೇಕ್ ಇವತ್ತಿಗೂ ಅಯೋವದ ಪಾಟವಾಟಮಿ ಕೌಂಟಿಯದು. ಅಲ್ಲಿನವರ ಕೌಂಟಿ ಕಚೇರಿ ಇರುವುದು ನದಿ ದಾಟಿದ ಮೇಲೆ, ಕೌನ್ಸಿಲ್ ಬ್ಲಫ್ಸ್ ಊರಿನಲ್ಲಿ.

ಕೌಂಟಿ ಎಂದರೆ ನಮ್ಮ ಜಿಲ್ಲೆಗೂ ತಾಲ್ಲೂಕಿಗೂ ನಡುವಿನದೊಂದು ಘಟಕ ಎಂದುಕೊಳ್ಳಬಹುದು. ಅಮೆರಿಕದಲ್ಲಿ ಇಂಥವು ಮೂರು ಸಾವಿರಕ್ಕೂ ಹೆಚ್ಚಿವೆ. ಡೆಲವೇರ್ ರಾಜ್ಯಕ್ಕೆ ಮೂರೇ ಮೂರು, ಟೆಕ್ಸಸ್‌ಗೆ 254. ಆಸ್ತಿ ತೆರಿಗೆ ಎಲ್ಲಿ ಕಟ್ಟಬೇಕು, ಕಳವಾದರೆ ಯಾವ ಷೆರೀಫನಿಗೆ ಹೇಳಬೇಕು, ಕ್ರಯಪತ್ರ ಎಲ್ಲಿ ನೋಂದಾಯಿಸಬೇಕು, ಯಾವ ಕೋರ್ಟಿನ ಜ್ಯೂರಿಯಲ್ಲಿ ಕೂರಬೇಕು, ಎಷ್ಟೋ ಕಡೆ ಮಕ್ಕಳು ಯಾವ ಶಾಲೆಗೆ ಹೋಗಬೇಕು ಎಂಬುದೂ ಈ ಗೆರೆಯ ಮೇಲೆ ನಿಂತಿದೆ.

ಗೆರೆ ಮೊದಲು ಹುಟ್ಟುವುದು ರಾಜ್ಯದ ಶಾಸನಸಭೆಯಲ್ಲಿ, ಬರೀ ಮಾತಾಗಿ. ಪೂರ್ವ ಕರಾವಳಿಯ ಹಳೆಯ ರಾಜ್ಯಗಳ ಕಾಯಿದೆಗಳನ್ನು ಓದಿದರೆ ನಮ್ಮ ಕ್ರಯಪತ್ರದ ಚಕ್ಕುಬಂದಿಯೇ ನೆನಪಾಗುತ್ತದೆ. ಇಂಥ ಹಳ್ಳ ನದಿಗೆ ಕೂಡುವ ಜಾಗದಿಂದ ಹೊರಟು, ಇಂಥ ದಿಕ್ಕಿನಲ್ಲಿ ಇಷ್ಟು ಮೈಲಿ ನಡೆದು, ಇಂಥವನ ಗಿರಣಿಯ ಹತ್ತಿರದ ಬಿಳಿ ಓಕ್ ಮರ ಮುಟ್ಟಿ, ಅಲ್ಲಿಂದ ತಿರುಗಿ ಎಂಬ ಧಾಟಿ. ಗಿರಣಿ ಬಿದ್ದುಹೋಗುತ್ತದೆ, ಮರ ಸಾಯುತ್ತದೆ, ಕಾಯಿದೆ ಮಾತ್ರ ಹಾಗೇ ಇರುತ್ತದೆ.

ಪಶ್ಚಿಮದ ಕಥೆ ಬೇರೆ. 1785ರ ಭೂ ಸುಗ್ರೀವಾಜ್ಞೆಯ ಪ್ರಕಾರ ಒಹಾಯೊ ನದಿಯ ಆಚೆಯ ನೆಲವನ್ನು ಮಾರುವ ಮೊದಲೇ ಅಳೆಯಬೇಕಾಗಿತ್ತು. ಆ ಸೆಪ್ಟೆಂಬರಿನಲ್ಲಿ ಥಾಮಸ್ ಹಚಿನ್ಸ್ ಎಂಬ ಅಧಿಕಾರಿ, ಈಗ ಈಸ್ಟ್ ಲಿವರ್‌ಪೂಲ್ ಎಂಬ ಊರಿರುವ ಜಾಗದ ಹತ್ತಿರ ಸರಪಳಿ ಎಳೆಯಲು ಶುರುಮಾಡಿದ. ಮೊದಲ ವರ್ಷ ಸಾಗಿದ್ದು ನಾಲ್ಕೇ ಮೈಲಿಯಷ್ಟು. ಆ ನೆಲದಲ್ಲಿ ಆಗಲೇ ಜನ ಇದ್ದರು. ತಮ್ಮ ಕಾಡಿನಲ್ಲಿ ಅಳತೆಯವನು ಕಾಣಿಸಿಕೊಂಡರೆ ಮುಂದೇನಾಗುತ್ತದೆ ಎಂದು ಅಲ್ಲಿನ ಮೂಲ ನಿವಾಸಿಗಳಿಗೆ ಗೊತ್ತಿತ್ತು. ಅವರ ಭಯಕ್ಕೆ ತಂಡ ಹಿಂದಿರುಗಿತು. ಅಮೆರಿಕದ ಅಚ್ಚುಕಟ್ಟಾದ ಚೌಕಗಳನ್ನು ವಿಮಾನದ ಕಿಟಕಿಯಿಂದ ನೋಡಿ ಮೆಚ್ಚುವವರು ಈ ಸಂಗತಿಯನ್ನೂ ತಿಳಿದಿರಬೇಕು.

ಲೆಕ್ಕ ಸರಳ. ಆರು ಮೈಲಿ ಉದ್ದಗಲದ ಚೌಕಕ್ಕೆ ಟೌನ್‌ಶಿಪ್ ಎಂದು ಹೆಸರು. ಅದರಲ್ಲಿ 36 ಸೆಕ್ಷನ್, ಒಂದೊಂದು ಸೆಕ್ಷನ್ 640 ಎಕರೆ. ಹದಿನಾರನೆಯ ಸೆಕ್ಷನ್ ಶಾಲೆಗೆ ಮೀಸಲು. ಅಯೋವದಂಥ ರಾಜ್ಯದಲ್ಲಿ ಕೌಂಟಿ ಮಾಡುವುದೆಂದರೆ ಈ ಟೌನ್‌ಶಿಪ್‌ಗಳನ್ನು ಗುಂಪು ಹಾಕುವುದು. ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ ಹದಿನಾರು ಸೇರಿಸಿದರೆ ಮುಗಿಯಿತು, ಕಾಯಿದೆಯಲ್ಲಿ ಅವುಗಳ ನಂಬರು ಬರೆದರೆ ಸಾಕು.

ಅಳತೆಗೆ ಬಳಸಿದ್ದು ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರಲ್ಲಿ ರೂಪಿಸಿದ 66 ಅಡಿಯ, ನೂರು ಕೊಂಡಿಗಳ ಸರಪಳಿ. ಎಂಬತ್ತು ಸರಪಳಿಗೆ ಒಂದು ಮೈಲಿ, ಹತ್ತು ಚದರ ಸರಪಳಿಗೆ ಒಂದು ಎಕರೆ. ಮುಂಬಯಿ ಪದ್ಧತಿಯ ಸರ್ವೆಯ ಜೊತೆ ನಮ್ಮಲ್ಲಿಗೆ ಬಂದ ಸರಪಳಿ ಇದರ ಸರಿಯಾಗಿ ಅರ್ಧ: 33 ಅಡಿ, ಹದಿನಾರು ಆಣೆ. ಅದರ ಒಂದು ಚದರವೇ ನಮ್ಮ ಗುಂಟೆ, ನಲವತ್ತು ಗುಂಟೆಗೆ ಎಕರೆ. ಅಯೋವದ ಜೋಳದ ಹೊಲವನ್ನೂ ಮಂಡ್ಯದ ಕಬ್ಬಿನ ಗದ್ದೆಯನ್ನೂ ಅಳೆದದ್ದು ಒಂದೇ ಲೆಕ್ಕ.

ಮೂಲೆ ಗುರುತು ಮಾಡುವ ಬಗೆಯನ್ನು ಕೊಂಚ ಹತ್ತಿರದಿಂದ ನೋಡಬೇಕು. ಮುಂದಿನ ಸರಪಳಿಯವನು, ಹಿಂದಿನ ಸರಪಳಿಯವನು, ಕೊಡಲಿಯವನು, ದಿಕ್ಸೂಚಿ ಹಿಡಿದ ಸರ್ವೇಯರ್, ಇಷ್ಟೇ ತಂಡ. ಅರ್ಧ ಮೈಲಿಗೊಂದು ಗೂಟ ಅಥವಾ ಕಲ್ಲು. ಗೂಟ ಕೊಳೆತುಹೋಗುತ್ತದೆ ಎಂದು ಗೊತ್ತಿದ್ದುದರಿಂದ ಸುತ್ತಲಿನ ಮರಗಳನ್ನು ಸಾಕ್ಷಿಗೆ ನಿಲ್ಲಿಸುತ್ತಿದ್ದರು. ತೊಗಟೆ ಕೆತ್ತಿ ಗುರುತು ಹಾಕಿ, ಮರ ಯಾವ ಜಾತಿಯದು, ದಪ್ಪ ಎಷ್ಟು, ಗೂಟದಿಂದ ಯಾವ ದಿಕ್ಕಿಗೆ ಎಷ್ಟು ಕೊಂಡಿ ದೂರ ಎಂದು ಪುಸ್ತಕಕ್ಕೆ ಏರಿಸುತ್ತಿದ್ದರು. ಮರವೇ ಇಲ್ಲದ ಹುಲ್ಲುಗಾವಲಿನಲ್ಲಿ ಮಣ್ಣಿನ ದಿಬ್ಬ ಮಾಡಿ, ಅದರಡಿ ಇದ್ದಿಲು ಅಥವಾ ಸುಟ್ಟ ಗೂಟ ಹೂಳುತ್ತಿದ್ದರು. ಇದ್ದಿಲು ಕೊಳೆಯುವುದಿಲ್ಲ. ನೂರೈವತ್ತು ವರ್ಷದ ಮೇಲೆ ಅಗೆದವನಿಗೆ ಕಪ್ಪು ಮಣ್ಣಿನ ಒಂದು ಹಿಡಿ ಸಿಕ್ಕರೂ ಮೂಲೆ ಸಿಕ್ಕ ಹಾಗೆಯೇ. ಆ ಮರಗಳ ಪಟ್ಟಿ ಈಗ ಪರಿಸರ ವಿಜ್ಞಾನಿಗಳಿಗೂ ಬೇಕು, ಬೇಸಾಯ ಬರುವ ಮೊದಲು ಅಲ್ಲಿ ಎಂಥ ಕಾಡಿತ್ತು ಎಂದು ತಿಳಿಯುವುದಕ್ಕೆ.

ಕೆಲಸ ಅಂದುಕೊಂಡ ಹಾಗೆ ನಡೆಯುತ್ತಿತ್ತೇ? ಇಲ್ಲ. ಭೂಮಿ ಗುಂಡಗಿದೆ, ರೇಖಾಂಶಗಳು ಕಿತ್ತಳೆ ತೊಳೆಯ ಹಾಗೆ ಉತ್ತರಕ್ಕೆ ಹೋದಂತೆ ಕಿರಿದಾಗುತ್ತವೆ. ಚೌಕಗಳು ಚೌಕವಾಗಿ ಉಳಿಯಬೇಕಾದರೆ ಕೆಲವು ಸಾಲಿಗೊಮ್ಮೆ ಹೊಸದಾಗಿ ಅಳೆದು ಶುರುಮಾಡಬೇಕು. ಅಯೋವದ ಕೌಂಟಿ ಗೆರೆಗಳು ಅಲ್ಲಲ್ಲಿ ಪಕ್ಕಕ್ಕೆ ಜಿಗಿದಿರುವುದು ಅದಕ್ಕೇ. ದಿಕ್ಸೂಚಿಯ ಮುಳ್ಳಿಗೂ ತನ್ನದೇ ಹಠ. 1844ರಲ್ಲಿ ಮಿಷಿಗನ್ನಿನ ಉತ್ತರ ಭಾಗದಲ್ಲಿ ವಿಲಿಯಂ ಬರ್ಟ್‌ನ ತಂಡ ಅಳೆಯುತ್ತಿದ್ದಾಗ ಮುಳ್ಳು ಹುಚ್ಚೆದ್ದು ತಿರುಗಿತು. ಹುಡುಕಿದರೆ ಕಾಲಡಿ ಕಬ್ಬಿಣದ ಅದಿರು! ಸೂರ್ಯನನ್ನು ನೋಡಿ ದಿಕ್ಕು ಹೇಳುವ ಉಪಕರಣವನ್ನು ಬರ್ಟ್ ಆಗಲೇ ರೂಪಿಸಿದ್ದರಿಂದ ಕೆಲಸ ನಿಲ್ಲಲಿಲ್ಲ. ಎಲ್ಲ ತಂಡಗಳಿಗೂ ಆ ಭಾಗ್ಯ ಇರಲಿಲ್ಲ. ಜೌಗು, ಸೊಳ್ಳೆ, ಸವೆದು ಉದ್ದವಾದ ಕೊಂಡಿಗಳು, ಕುಡಿದ ಸರಪಳಿಯವನು, ಎಲ್ಲವೂ ಗೆರೆಯೊಳಗೆ ಸೇರಿವೆ.

ಹಾಗಾದರೆ ಇವತ್ತು ಉಪಗ್ರಹದ ನೆರವಿನಿಂದ ಅಳೆದು ಎಲ್ಲವನ್ನೂ ನೆಟ್ಟಗೆ ಮಾಡಬಾರದೇ ಎಂದು ಕೇಳಬಹುದು. ಮಾಡಬಾರದು ಎನ್ನುತ್ತದೆ ಅಲ್ಲಿನ ಕಾನೂನು. ಮಿಷಿಗನ್ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಥಾಮಸ್ ಕೂಲಿ 1881ರಲ್ಲಿ ಸರ್ವೇಯರ್‌ಗಳಿಗಾಗಿ ಬರೆದ ಒಂದು ಪ್ರಬಂಧ ಈ ವೃತ್ತಿಯಲ್ಲಿ ಇಂದಿಗೂ ಪ್ರಮಾಣ. ಮೂಲ ಗೂಟ ಎಲ್ಲಿರಬೇಕಿತ್ತು ಎಂದು ಲೆಕ್ಕ ಹಾಕುವುದು ನಿಮ್ಮ ಕೆಲಸವಲ್ಲ, ಎಲ್ಲಿತ್ತು ಎಂದು ಪತ್ತೆ ಮಾಡಿ ಎಂಬುದು ಅವನ ವಾದ. ಜನ ಆ ಗೂಟ ನಂಬಿ ಬೇಲಿ ಹಾಕಿದ್ದಾರೆ, ಮನೆ ಕಟ್ಟಿದ್ದಾರೆ, ಹಂಚಿಕೊಂಡಿದ್ದಾರೆ. ಕರಾರುವಾಕ್ಕಾದ ಅಳತೆ ಬಂದ ದಿನ ಊರೆಲ್ಲ ವ್ಯಾಜ್ಯಕ್ಕೆ ಇಳಿಯುವುದಕ್ಕಿಂತ ಹಳೆಯ ತಪ್ಪೇ ವಾಸಿ. ನನಗಂತೂ ಇದು ವಿವೇಕದ ಮಾತಾಗಿಯೇ ಕಾಣುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ಎರಡು ಕೆರೊಲಿನಗಳ ನಡುವಿನ ಗಡಿ. ರಾಜ್ಯದ ಈ ಗೆರೆ ಅದನ್ನು ಮುಟ್ಟುವ ಕೌಂಟಿಗಳಿಗೂ ಗೆರೆ. 1735ರ ಒಪ್ಪಂದದಂತೆ ಅದು ಕರಾವಳಿಯಿಂದ ವಾಯವ್ಯಕ್ಕೆ ಸಾಗಿ, 35ನೆಯ ಅಕ್ಷಾಂಶ ಮುಟ್ಟಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಬೇಕಿತ್ತು. 1737ರಲ್ಲಿ ಸರ್ವೇಯರ್‌ಗಳು ಒಂದು ಹುಲ್ಲುಗಾವಲಿನಲ್ಲಿ ಗೂಟ ಹೊಡೆದು ನಿಲ್ಲಿಸಿದರು. ಅಕ್ಷಾಂಶ ಇನ್ನೂ ಹನ್ನೊಂದು ಮೈಲಿ ಉತ್ತರದಲ್ಲಿತ್ತು. 1764ರಲ್ಲಿ ಬಂದವರು ಅದೇ ಗೂಟದಿಂದ ಪಶ್ಚಿಮಕ್ಕೆ ಗೆರೆ ಎಳೆದರು. ತಪ್ಪು ಬೆಳಕಿಗೆ ಬರುವ ಹೊತ್ತಿಗೆ ದಕ್ಷಿಣ ಕೆರೊಲಿನ ಸುಮಾರು 4,22,000 ಎಕರೆ ಕಳೆದುಕೊಂಡಿತ್ತು. ಗೂಟ ಕೀಳುವ ಬದಲು, 1772ರಲ್ಲಿ ಮುಂದಿನ ಗೆರೆಯನ್ನು ಅಕ್ಷಾಂಶಕ್ಕಿಂತ ಉತ್ತರಕ್ಕೆ ಎಳೆದು ನಷ್ಟ ತುಂಬಿಕೊಟ್ಟರು. ನಕ್ಷೆಯಲ್ಲಿ ಷಾರ್ಲಟ್ ನಗರದ ದಕ್ಷಿಣಕ್ಕೆ ಗಡಿ ಅಂಕುಡೊಂಕಾಗಿ ಏರುವುದು ಈ ಕಾರಣಕ್ಕೆ, ಜೊತೆಗೆ ಕಟಾಬಾ ಜನರ ನೆಲವನ್ನು ಸುತ್ತಿಕೊಂಡು ಹೋಗಬೇಕಾಗಿದ್ದರಿಂದ.

ಎರಡು ಶತಮಾನದಲ್ಲಿ ಕೆತ್ತಿದ ಮರಗಳೆಲ್ಲ ಹೋದವು. ಗೆರೆ ಎಲ್ಲಿದೆ ಎಂದು ಆಯಾ ಕಚೇರಿಗಳು ಅಂದಾಜಿನಲ್ಲಿ ನಡೆಸುತ್ತ ಬಂದವು. 1990ರ ದಶಕದಿಂದ ಎರಡೂ ರಾಜ್ಯಗಳು ಸೇರಿ ಮೂಲ ಗೆರೆ ಹುಡುಕಿದವು. ನೆರವಿಗೆ ಬಂದದ್ದು ಗಡಿಗೆ ತಾಗಿದ ಜಮೀನುಗಳ ಹಳೆಯ ನಕ್ಷೆ, ಪತ್ರಗಳು. ಒಬ್ಬನ ಹೊಲದ ಅಂಚೇ ರಾಜ್ಯದ ಅಂಚು ಎಂದು ಪತ್ರದಲ್ಲಿದ್ದರೆ, ಆ ಹೊಲ ಹುಡುಕಿದರೆ ಗಡಿ ಸಿಕ್ಕಿತು. 2017ರ ಜನವರಿ 1ರಿಂದ ಮರುಗುರುತಿಸಿದ ಗೆರೆ ಜಾರಿಗೆ ಬಂತು. ಕೆಲವು ಮನೆಗಳವರ ವಿಳಾಸದ ರಾಜ್ಯವೇ ಬೇರೆಯಾಯಿತು. ಲೇಕ್ ವೈಲಿ ಬಳಿಯ ಒಂದು ಪೆಟ್ರೋಲ್ ಬಂಕ್ ದಕ್ಷಿಣದಿಂದ ಉತ್ತರ ಕೆರೊಲಿನಕ್ಕೆ ಸರಿಯಿತು. ಅಲ್ಲಿ ಪೆಟ್ರೋಲಿನ ಮೇಲೆ ತೆರಿಗೆ ಹೆಚ್ಚು, ಪಟಾಕಿ ಮಾರಾಟಕ್ಕೆ ನಿರ್ಬಂಧವೂ ಹೆಚ್ಚು. ಕೂಲಿಯ ಮಾತಿಗೆ ಇದು ಅಪವಾದವಲ್ಲವೇ ಎನ್ನಿಸಬಹುದು. ಬಂಕಿನವರು ನಂಬಿದ್ದು ಮೂಲ ಗೂಟವನ್ನಲ್ಲ, ನಂತರದ ಅಂದಾಜನ್ನು. ಆದರೆ ಅದನ್ನು ಅವರಿಗೆ ಹೇಳುವುದು ಸುಲಭವಲ್ಲ. ಶಾಲೆ, ತೆರಿಗೆಯಂಥ ವಿಷಯಗಳಲ್ಲಿ ತೊಂದರೆ ತಗ್ಗಿಸಲು ಶಾಸನಸಭೆಗಳೇ ಕಾನೂನು ಮಾಡಬೇಕಾಯಿತು.

ಇಂಥ ಗೊಂದಲ ಬಾರದಂತೆ ನೋಡಿಕೊಳ್ಳುವವನು ಕೌಂಟಿ ಸರ್ವೇಯರ್. ಜಾರ್ಜ್ ವಾಷಿಂಗ್ಟನ್ 1749ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ವರ್ಜೀನಿಯದ ಕಲ್ಪೆಪರ್ ಕೌಂಟಿಗೆ ಈ ಹುದ್ದೆಗೆ ಬಂದಿದ್ದ. ಇಂಡಿಯಾನದಲ್ಲಿ ಈ ಹುದ್ದೆಗೆ ಈಗಲೂ ಚುನಾವಣೆ ನಡೆಯುತ್ತದೆ. ಪ್ರತಿ ವರ್ಷ ಕೌಂಟಿಯ ಮೂಲೆಗಳಲ್ಲಿ ಕನಿಷ್ಠ ನೂರಕ್ಕೆ ಐದನ್ನಾದರೂ ಹೋಗಿ ನೋಡಿ ದಾಖಲಿಸಬೇಕೆಂಬುದು ಅಲ್ಲಿನ ಕಾನೂನು. ಹಳೆಯ ಮೂಲೆಗಳು ಎಷ್ಟೋ ಕಡೆ ಈಗ ರಸ್ತೆ ಕೂಡುವ ಜಾಗದಲ್ಲಿ, ಡಾಂಬರಿನ ಅಡಿಯಲ್ಲಿವೆ. ಲೋಹಶೋಧಕ ಹಿಡಿದು ಹುಡುಕಿ, ಡಾಂಬರು ಕತ್ತರಿಸಿ, ಕಲ್ಲು ಸಿಕ್ಕರೆ ಮೇಲೊಂದು ಲೋಹದ ಗುರುತು ಕೂರಿಸಿ, ಪಕ್ಕದ ಕಂಬಕ್ಕೆ, ಮೋರಿಯ ಗೋಡೆಗೆ ಹೊಡೆದ ಮೊಳೆಗೆ ಎಷ್ಟು ಅಡಿ ಎಂದು ಬರೆದಿಡುತ್ತಾರೆ. ಸಾಕ್ಷಿ ಮರದ ಜಾಗಕ್ಕೆ ವಿದ್ಯುತ್ ಕಂಬ ಬಂದಿದೆ, ಪದ್ಧತಿ ಬದಲಾಗಿಲ್ಲ. ಫೋನಿನ ನಕ್ಷೆಯಲ್ಲಿ ಕಾಣುವ ಕೌಂಟಿ ಗೆರೆಗೆ ಮಾತ್ರ ಈ ಕಾನೂನಿನ ಬಲವಿಲ್ಲ. ಅಮೆರಿಕದ ಜನಗಣತಿ ಇಲಾಖೆ ವರ್ಷವರ್ಷ ಗಡಿಗಳ ವಿವರ ತರಿಸಿಕೊಂಡು ನಕ್ಷೆ ತಿದ್ದುತ್ತದಾದರೂ, ಅದು ಅಂಕಿಅಂಶದ ಕೆಲಸಕ್ಕೆ ಮಾತ್ರ ಎಂದು ತಾನೇ ಹೇಳಿಕೊಳ್ಳುತ್ತದೆ. ಉತ್ತರ ಕೆರೊಲಿನದಲ್ಲಿ ಅಕ್ಕಪಕ್ಕದ ಎರಡು ಕೌಂಟಿಗಳಿಗೆ ಗೆರೆಯ ಬಗ್ಗೆ ಅನುಮಾನ ಬಂದರೆ ಇಬ್ಬರೂ ಒಪ್ಪಿ ಸರ್ವೆ ಮಾಡಿಸಬೇಕು, ನಕ್ಷೆಗೆ ಇಬ್ಬರ ಅನುಮೋದನೆಯೂ ಬೇಕು. ಆಮೇಲೆ ಅದು ಎರಡೂ ಕಡೆಯ ನೋಂದಣಿ ಕಚೇರಿ ಸೇರುತ್ತದೆ, ಒಂದು ಪ್ರತಿ ರಾಜಧಾನಿ ರಾಲಿಗೆ ಹೋಗುತ್ತದೆ.