ಹೆಸರು ಹೇಳದೆ ಹೊಸ್ತಿಲು ದಾಟುವಂತಿಲ್ಲ

ಅಕ್ಕಿಕಾಳು ಬಿದ್ದು, ಬೀಗರ ಊಟ ಮುಗಿದು, ಹೊಸ ಜೋಡಿ ವರನ ಮನೆಯ ಬಾಗಿಲಿಗೆ ಬಂದು ನಿಂತಿದೆ. ಒಳಗೆ ಹೋಗಲು ಮಾತ್ರ ದಾರಿಯಿಲ್ಲ. ವರನ ಅಕ್ಕತಂಗಿಯರು ಹೊಸ್ತಿಲಿಗೆ ಅಡ್ಡನಿಂತು, “ಹೆಸರ ಹೇಳಿ ಒಳಗ ಬರ್ರಿ” ಎಂದು ಹಟ ಹಿಡಿದಿದ್ದಾರೆ. ವಧುವಿನ ತಲೆ ತಗ್ಗಿದೆ. ವರನು ಬಾಸಿಂಗದ ಮರೆಯಲ್ಲಿ ಬೆವರುತ್ತಿದ್ದಾನೆ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮದುವೆಮನೆಗಳ ಈ ಪುಟ್ಟ ಪ್ರಹಸನಕ್ಕೆ ಒಡಪೇ ಸಂಭಾಷಣೆ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬುದು ಹಿರಿಯರ ಕಟ್ಟಳೆ. ಅದನ್ನು ಮೀರಲು ಅದೇ ಹಿರಿಯರು ಕೊಟ್ಟ ರಹದಾರಿ ಒಡಪು. ಬೆಳ್ಳಿಯ ಬಟ್ಟಲನ್ನೋ ಮಲ್ಲಿಗೆಯ ದಂಡೆಯನ್ನೋ ಮುಂದಿಟ್ಟುಕೊಂಡು ಎರಡು ಸಾಲು ಪ್ರಾಸ ಹೊಸೆದು, ಕೊನೆಯಲ್ಲಿ ಹೆಸರನ್ನು ನುಸುಳಿಸಿಬಿಡಬೇಕು. ‘ಅಪ್ಪ’ ಎಂದು ಮುಗಿಯುವ ಹೆಸರಿಗೆ ‘ತುಪ್ಪ’ ಸದಾ ಸಿದ್ಧ. ಪ್ರವೀಣನಿಗೂ ವೀಣೆಯುಂಟು. ಸಂತೋಷನಿಗೆ ಪ್ರಾಸ ಹುಡುಕುವಷ್ಟರಲ್ಲಿ ನಾದಿನಿಯರ ಸಂತೋಷವೇ ಮುಗಿದಿರುತ್ತದೆ! ವರನೂ ಹೆಂಡತಿಯ ಹೆಸರನ್ನು ಹೀಗೆಯೇ ಹೇಳಬೇಕು. ಈ ವಿದ್ಯೆಯಲ್ಲಿ ಗಂಡಸರು ಸಾಮಾನ್ಯವಾಗಿ ದಡ್ಡರು.

ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ವಿನೋದ ಇನ್ನೂ ಹೆಚ್ಚು. ನಿನ್ನೆಯವರೆಗೆ ‘ಮಾಮಾ’ ಎಂದು ಕರೆದವನ ಹೆಸರನ್ನು ಇಂದು ನಾಚುತ್ತ ಹೇಳಬೇಕು. ಬಾಗಿಲು ತಡೆದವರಲ್ಲಿ ಹೆತ್ತ ತಾಯಿಯೇ ಇದ್ದರೂ ಆಶ್ಚರ್ಯವಿಲ್ಲ.

ಹೆಸರು ಹೇಳಿದರೂ ಬಿಡುಗಡೆಯಿಲ್ಲ. “ನಿಮಗ ಹೆಣ್ಣು ಹುಟ್ಟಿದ್ರ ನನ್ನ ಮಗಗ ಕೊಡ್ತೀರೇನು?” ಎಂದು ಅಕ್ಕ ಮಾತು ಕೇಳುತ್ತಾಳೆ. ಹೆಂಡತಿಯ ಮುಖವನ್ನೇ ಸರಿಯಾಗಿ ನೋಡದ ವರ, ಹುಟ್ಟದ ಮಗಳ ನಿಶ್ಚಯಕ್ಕೆ ತಲೆಯಾಡಿಸುತ್ತಾನೆ. ಹತ್ತಿರದ ರಕ್ತಸಂಬಂಧ ಬೇಡವೆನ್ನುವ ವೈದ್ಯರ ಮಾತನ್ನು ನೆನೆದರೆ, ಈ ಮಾತು ವಿನೋದವಾಗಿಯೇ ಉಳಿಯುವುದು ಲೇಸು.

1948ರವರೆಗೆ ನಿಜಾಮನ ಆಳಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಸೀಮೆಯಿದು. ಆಳಂದ, ಅಫಜಲಪುರಗಳಿಗೆ ಮಹಾರಾಷ್ಟ್ರ ಮಗ್ಗುಲಲ್ಲೇ ಇದೆ. ಅಕ್ಕಲಕೋಟೆಯ ಕಡೆಯಿಂದ ಬಂದ ಸೊಸೆ ಮರಾಠಿಯ ‘ಉಖಾಣೆ’ ಹೇಳಿದರೆ ಅತ್ತೆಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಿಶ್ಚಯವಾದ ದಿನದಿಂದಲೇ ಮೊಬೈಲಿನಲ್ಲಿ ಹೆಸರು ಹಿಡಿದು ಮಾತನಾಡಿದ ಹುಡುಗಿಯರಿಗೆ ಹೊಸ್ತಿಲಿನ ನಾಚಿಕೆ ಅರ್ಧ ಅಭಿನಯವೇ. ಆದರೆ ಅವರ ಅಜ್ಜಿಯರಿಗೆ ಅದು ಅಭಿನಯವಾಗಿರಲಿಲ್ಲ. ‘ನಮ್ಮ ಮನಿಯವರು’ ಎನ್ನುತ್ತಲೇ ಬಾಳನ್ನು ಸವೆಸಿದವರು ಅವರು. ಜನಗಣತಿಯವರು ಯಜಮಾನರ ಹೆಸರು ಕೇಳಿದರೆ ಮಗನನ್ನು ಮುಂದೆ ತಳ್ಳಿದವರು. ಮದುವೆ, ಕುಬುಸಗಳ ದಿನ ಮಾತ್ರ ಆ ಹೆಸರು ಅವರ ಬಾಯಿಗೆ ಬರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಒಡಪು ಹೇಳೆಂದು ಕೇಳುವವರೂ ಇಲ್ಲ. ಇಟ್ಟುಕೊಂಡಿದ್ದ ಪ್ರಾಸವೆಲ್ಲ ಎದೆಯಲ್ಲೇ ಉಳಿಯಬೇಕು.

ಆದುದರಿಂದಲೇ ಮೊಮ್ಮಗನ ಮದುವೆಯಲ್ಲಿ ಹೆಂಗಸರು “ಆಯಿ, ನೀನೊಂದು ಹೇಳು” ಎಂದು ಗಂಟುಬಿದ್ದಾಗ ಮುದುಕಿ ಬಹಳ ಹೊತ್ತು ಬೇಡವೆನ್ನುವುದಿಲ್ಲ. ಸೆರಗನ್ನು ಸರಿಪಡಿಸಿಕೊಂಡು, ಹಲ್ಲಿಲ್ಲದ ಬಾಯಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾಳೆ. ಹೊರಗೆ ಕಟ್ಟೆಯ ಮೇಲೆ ಕುಳಿತ ಮುದುಕ ಕೇಳಿಸದವನಂತೆ ಅಡಕೆ ಕತ್ತರಿಸುತ್ತಿರುತ್ತಾನೆ.